ಸಾಕ್ಷಿ ಹೇಳುವ ವಿಡಿಯೊ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಿಮಗೆ ಗೊತ್ತು. ಇಂದು ಪ್ರತ್ಯಕ್ಷವಾಗಿ ಕಾಣುವ ಎಷ್ಟೋ ಘಟನೆಗಳು ಮೊಬೈಲ್ ಪರದೆಯ ಮೂಲಕವೇ ನಮ್ಮನ್ನು ತಲುಪುತ್ತವೆ. ಯಾರನ್ನೋ ಹೊಡೆಯುತ್ತಿರುತ್ತಾರೆ, ಇನ್ನಾರೋ ಅದನ್ನು ಚಿತ್ರೀಕರಿಸುತ್ತಾರೆ. ಆ ವಿಡಿಯೊ ಸತ್ಯವೆಂದು ತಿಳಿಯುವುದು ಹೇಗೆ? ಅದರಿಂದ ಯಾರಿಗಾದರೂ ಅಪಾಯವಿದೆಯೆ? ಈ ಎರಡು ಪ್ರಶ್ನೆಗಳು ಮೊಬೈಲಿಗಿಂತ ಬಹಳ ಹಳೆಯವು. ಅವುಗಳ ಇತಿಹಾಸವನ್ನು ನೋಡೋಣ.

ಪ್ರಮಾಣಪತ್ರದೊಡನೆ ಬಂದ ಚಿತ್ರ

1945ರ ನವೆಂಬರ್ 29ರಂದು ಜರ್ಮನಿಯ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ನಾಜಿ ಬಂದಿ ಶಿಬಿರಗಳ ಚಲನಚಿತ್ರವೊಂದನ್ನು ತೋರಿಸಲಾಯಿತು. ಅದರ ಜೊತೆಗೆ ಪ್ರಮಾಣಪತ್ರಗಳೂ ಇದ್ದವು. ಚಿತ್ರೀಕರಣದ ಹೊಣೆ ಹೊತ್ತಿದ್ದ ಸೇನಾಧಿಕಾರಿ, ಹಾಲಿವುಡ್ ನಿರ್ದೇಶಕ ಜಾರ್ಜ್ ಸ್ಟೀವನ್ಸ್, ಈ ದೃಶ್ಯಗಳನ್ನು ಯಾವ ರೀತಿಯಲ್ಲೂ ತಿದ್ದಿಲ್ಲವೆಂದು ಪ್ರಮಾಣ ಮಾಡಿದ್ದರು. ಚಿತ್ರದ ಬಲ ಚಿತ್ರದಲ್ಲಿ ಮಾತ್ರವಲ್ಲ, ಅದು ಕ್ಯಾಮೆರಾದಿಂದ ನ್ಯಾಯಾಲಯದವರೆಗೆ ಬಂದ ದಾರಿಯಲ್ಲೂ ಇದೆ ಎಂಬುದು ಅಂದೇ ಸ್ಪಷ್ಟವಾಗಿತ್ತು.

ಮಾತನಾಡಿದವನಿಗೆ ಶಿಕ್ಷೆ

1989ರ ಜೂನ್‌ನಲ್ಲಿ ಚೀನದ ಬೀಜಿಂಗ್‌ನಲ್ಲಿ ಸೇನೆ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿತು. ಆ ಹಿಂಸೆಯ ಬಗ್ಗೆ ಕಾರ್ಮಿಕನೊಬ್ಬ ಅಮೆರಿಕದ ಎಬಿಸಿ ದೂರದರ್ಶನದ ಮುಂದೆ ಮಾತನಾಡಿದ. ಆ ದೃಶ್ಯವನ್ನು ಉಪಗ್ರಹದ ಮೂಲಕ ಕಳುಹಿಸಲಾಯಿತು. ಉಪಗ್ರಹದಿಂದ ಇಳಿಯುವ ರೇಡಿಯೊ ಸಂಕೇತ ವಿಶಾಲ ಪ್ರದೇಶದಲ್ಲಿ ಹರಡುತ್ತದೆ. ಗೂಢಲಿಪಿಯ ರಕ್ಷಣೆಯಿಲ್ಲದಿದ್ದರೆ ಸೂಕ್ತ ಆಂಟೆನ ಇರುವ ಯಾರಾದರೂ ಅದನ್ನು ಹಿಡಿಯಬಹುದು. ಚೀನದ ಅಧಿಕಾರಿಗಳೂ ಹಿಡಿದರು. ಆತನ ಮುಖವನ್ನು ತಮ್ಮ ದೂರದರ್ಶನದಲ್ಲಿ ತೋರಿಸಿ, ಸುಳಿವು ನೀಡುವಂತೆ ಜನರನ್ನು ಕೇಳಿದರು. ಅವನಿಗೆ 10 ವರ್ಷಗಳ ಸೆರೆವಾಸವಾಯಿತು. ಪ್ರಸಾರ ಮಾಡಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಬೆಲೆ ತೆತ್ತವನು ಮಾತ್ರ ಬೇರೆ.

81 ಸೆಕೆಂಡುಗಳ ಟೇಪು

1991ರ ಮಾರ್ಚ್ 3ರಂದು ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯರನ್ನು ಥಳಿಸಿದರು. ಜಾರ್ಜ್ ಹಾಲಿಡೇ ಎಂಬ ನಾಗರಿಕ ಅದನ್ನು ಮನೆಯ ಬಾಲ್ಕನಿಯಿಂದ ಸೋನಿ ಹ್ಯಾಂಡಿಕ್ಯಾಮ್‌ನಲ್ಲಿ ಸೆರೆಹಿಡಿದರು. ಅದರ ಸುಮಾರು 81 ಸೆಕೆಂಡುಗಳ ಭಾಗ ಜಗತ್ತಿನೆಲ್ಲೆಡೆ ಪ್ರಸಾರವಾಯಿತು. ನೋಡಿದವರಿಗೆ ಸಂದೇಹವೇ ಇರಲಿಲ್ಲ. ಆದರೆ ನ್ಯಾಯಾಲಯದಲ್ಲಿ ಪೊಲೀಸರ ವಕೀಲರು ಟೇಪನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ, ಕಿಂಗ್ ಅವರ ಒಂದೊಂದು ಚಲನೆಯೂ ಪ್ರತಿರೋಧವೆಂದು ವಾದಿಸಿದರು. 1992ರ ಏಪ್ರಿಲ್ 29ರಂದು ಬಂದ ತೀರ್ಪಿನಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ನಂತರದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. 1993ರಲ್ಲಿ ಫೆಡರಲ್ ನ್ಯಾಯಾಲಯ ಇಬ್ಬರು ಪೊಲೀಸರನ್ನು ತಪ್ಪಿತಸ್ಥರೆಂದು ಹೇಳಿತು. ಕ್ಯಾಮೆರಾವನ್ನು ಮಾನವ ಹಕ್ಕುಗಳ ಕಾರ್ಯಕರ್ತರ ಕೈಗೆ ಕೊಟ್ಟು ತರಬೇತಿ ನೀಡುವ ‘ವಿಟ್ನೆಸ್’ ಸಂಸ್ಥೆ ಸ್ಥಾಪನೆಯಾದದ್ದು 1992ರಲ್ಲಿ. ಸಂಗೀತಗಾರ ಪೀಟರ್ ಗೇಬ್ರಿಯಲ್ ಅದರ ಸ್ಥಾಪಕರಲ್ಲೊಬ್ಬರು.

ನೆರಳಿನ ಲೆಕ್ಕ

2018ರ ಜುಲೈನಲ್ಲಿ ಸೈನಿಕರು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಕೊಲ್ಲುವ ವಿಡಿಯೊ ಹೊರಬಂತು. ಆಫ್ರಿಕದ ಕ್ಯಾಮೆರೂನ್ ಸರ್ಕಾರ ಅದು ಸುಳ್ಳು ಸುದ್ದಿ ಎಂದಿತು. ಬಿಬಿಸಿ ತಂಡವೊಂದು ದೃಶ್ಯದ ಹಿನ್ನೆಲೆಯಲ್ಲಿದ್ದ ಬೆಟ್ಟಸಾಲಿನ ರೇಖೆಯನ್ನು ಉಪಗ್ರಹ ಮಾಹಿತಿಯೊಡನೆ ಹೋಲಿಸಿ, ಸ್ಥಳ ಕ್ಯಾಮೆರೂನಿನ ಜೆಲೆವೆಟ್ ಬಳಿ ಎಂದು ಗುರುತಿಸಿತು. ಕಟ್ಟಡಗಳು ಯಾವ ಉಪಗ್ರಹ ಚಿತ್ರಗಳಲ್ಲಿವೆ, ಯಾವುವುಗಳಲ್ಲಿ ಇಲ್ಲ ಎಂಬುದರಿಂದ ಕಾಲದ ಮಿತಿ ಸಿಕ್ಕಿತು. ನಂತರ ಸೈನಿಕರ ನೆರಳುಗಳನ್ನೇ ನೆರಳು ಗಡಿಯಾರದಂತೆ ಬಳಸಿ, ಘಟನೆ 2015ರ ಮಾರ್ಚ್ 20 ಮತ್ತು ಏಪ್ರಿಲ್ 5ರ ನಡುವೆ ನಡೆದಿದೆ ಎಂದು ನಿರ್ಧರಿಸಿತು. 2020ರಲ್ಲಿ ಮಿಲಿಟರಿ ನ್ಯಾಯಾಲಯ ನಾಲ್ವರು ಸೈನಿಕರಿಗೆ 10 ವರ್ಷಗಳ ಶಿಕ್ಷೆ ವಿಧಿಸಿತು.

ಇದರ ತತ್ತ್ವ ಸರಳ. ಮನುಷ್ಯನ ಎತ್ತರವನ್ನು ನೆರಳಿನ ಉದ್ದದಿಂದ ಭಾಗಿಸಿದರೆ ಸೂರ್ಯನ ಉನ್ನತಿ ಕೋನದ ಟ್ಯಾಂಜೆಂಟ್ ಸಿಗುತ್ತದೆ. 1.6 ಮೀಟರ್ ಎತ್ತರಕ್ಕೆ 1.6 ಮೀಟರ್ ನೆರಳಾದರೆ ಕೋನ 45 ಡಿಗ್ರಿ. ನೆರಳು ಬಿದ್ದ ದಿಕ್ಕು ಎರಡನೆಯ ಅಳತೆ. ಸ್ಥಳದ ಅಕ್ಷಾಂಶ ಗೊತ್ತಿದ್ದರೆ ಈ ಎರಡರಿಂದ ದಿನದ ಹೊತ್ತನ್ನೂ ವಿಷುವದ್ವೃತ್ತದಿಂದ ಸೂರ್ಯ ಎಷ್ಟು ಸರಿದಿದ್ದಾನೆ ಎಂಬುದನ್ನೂ ಕಂಡುಹಿಡಿಯಬಹುದು. ಆದರೆ ಸೂರ್ಯ ಅದೇ ಸ್ಥಾನಕ್ಕೆ ವರ್ಷದಲ್ಲಿ ಎರಡು ಬಾರಿ ಬರುತ್ತಾನೆ. ಮಾರ್ಚ್ ಕೊನೆಗೆ ಹೊಂದುವ ಲೆಕ್ಕ ಸೆಪ್ಟೆಂಬರಿಗೂ ಹೊಂದುತ್ತದೆ. ಅಲ್ಲಿ ಬೇಸಗೆಯಲ್ಲಿ ಮಾತ್ರ ಕಾಣುವ ಕಾಲುದಾರಿಯಂಥ ಬೇರೆ ಸುಳಿವು ಬೇಕಾಗುತ್ತದೆ.

ಅದೇ ವಿಧಾನ, ಇನ್ನೊಂದು ಕೈಯಲ್ಲಿ

ಈಗ ನೀವೇ ಯೋಚಿಸಿ. ಬೆಟ್ಟದ ರೇಖೆಯಿಂದ ಅಪರಾಧದ ಸ್ಥಳ ತಿಳಿಯುವುದಾದರೆ, ಚಿತ್ರ ತೆಗೆದ ಕಿಟಕಿಯೂ ತಿಳಿಯುತ್ತದೆ. ಕಡತದೊಳಗೆ ಫೋನು ದಾಖಲಿಸುವ ಸಮಯ, ಜಿಪಿಎಸ್ ಸ್ಥಾನ ಎರಡೂ ಸತ್ಯಕ್ಕೆ ಆಧಾರ, ಸಾಕ್ಷಿದಾರನಿಗೆ ಅಪಾಯ. ಆದ್ದರಿಂದ ಮೂಲ ಕಡತ ಮತ್ತು ಹಂಚುವ ಪ್ರತಿ ಬೇರೆ ಬೇರೆಯಾಗಿರಬೇಕು.

ಮೂಲವನ್ನು ಕತ್ತರಿಸದೆ, ಹೆಸರು ಸೇರಿಸದೆ ಭದ್ರವಾಗಿಡಬೇಕು. ಅದರ ಹ್ಯಾಷ್ ಮೌಲ್ಯವನ್ನು ಬರೆದಿಡಬೇಕು. ಎಸ್‌ಎಚ್‌ಎ-256 ವಿಧಾನದಲ್ಲಿ ಇದು 64 ಅಕ್ಷರ-ಅಂಕಿಗಳ ಸಾಲು. ಕಡತದಲ್ಲಿ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ನಮ್ಮಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದಲ್ಲೂ ಹ್ಯಾಷ್ ಮೌಲ್ಯ ನಮೂದಿಸಬೇಕು. ಒಂದು ಎಚ್ಚರಿಕೆ: ಹ್ಯಾಷ್ ಹೇಳುವುದು ಲೆಕ್ಕ ಹಾಕಿದ ಮೇಲೆ ಕಡತ ಬದಲಾಗಿಲ್ಲ ಎಂದಷ್ಟೇ, ದೃಶ್ಯ ನಿಜವೆಂದು ಅದು ಹೇಳಲಾರದು.

ಹಂಚುವ ಪ್ರತಿಯಲ್ಲಿ ಮುಖಗಳನ್ನು ಅಪಾರದರ್ಶಕ ಪಟ್ಟಿಯಿಂದ ಮುಚ್ಚುವುದು ಲೇಸು. ತೆಳುವಾಗಿ ಮಸುಕು ಮಾಡಿದ ಚಿತ್ರದಲ್ಲಿ ಮಾಹಿತಿ ಉಳಿದಿರಬಹುದು. ಧ್ವನಿ, ಬಟ್ಟೆ, ವಾಹನದ ಸಂಖ್ಯೆಯೂ ಗುರುತು ಕೊಡುತ್ತವೆ. ಮಾತನಾಡುವವರಿಗೆ ಇದನ್ನು ಯಾರೆಲ್ಲ ನೋಡಬಹುದು ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಲೈಂಗಿಕ ಹಿಂಸೆಗೆ ಒಳಗಾದವರ ಗುರುತನ್ನು ಬಹಿರಂಗಪಡಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ.

ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿಸಬಹುದು. ಧ್ವಜಕಂಬದ ನೆರಳಿನ ಚಿತ್ರ ತೆಗೆಸಿ, ಹೊತ್ತನ್ನು ಲೆಕ್ಕ ಹಾಕಿಸಿ. ನಂತರ ಅದೇ ಚಿತ್ರದಿಂದ ತೆಗೆದವರ ಬಗ್ಗೆ ಏನೇನು ತಿಳಿಯುತ್ತದೆ ಎಂದು ಪಟ್ಟಿ ಮಾಡಿಸಿ. ಎರಡನೆಯ ಪಟ್ಟಿ ಎಷ್ಟು ಉದ್ದವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ನೋಡಲಿ.