ತುಪ್ಪ ಯಾರಿಗೆ, ಸಾಲ ಯಾರಿಗೆ? ಕೆಕೆಆರ್ ಕಟ್ಟಿದ ಪ್ರೈವೇಟ್ ಇಕ್ವಿಟಿ ಲೋಕ

ನೀವೀಗ ಇದನ್ನ ಕೇಳ್ತಿರೋದು ಬಹುಶಃ ಮೊಬೈಲ್‌ನಲ್ಲಿ. ಅದರಲ್ಲಿರೋ ಸಿಮ್ ಜಿಯೋದ್ದಾಗಿದ್ರೆ, ಇವತ್ತಿನ ಕಥೆಗೂ ನಿಮಗೂ ಆಗಲೇ ಒಂದು ನಂಟಿದೆ. 2020ರ ಮೇ ತಿಂಗಳಲ್ಲಿ, ನಾವೆಲ್ಲ ಲಾಕ್‌ಡೌನ್‌ನಲ್ಲಿದ್ದಾಗ, ನ್ಯೂಯಾರ್ಕ್‌ನ ಒಂದು ಸಂಸ್ಥೆ ಜಿಯೋ ಪ್ಲಾಟ್‌ಫಾರ್ಮ್ಸ್‌ನ 2.32% ಪಾಲಿಗೆ 11,367 ಕೋಟಿ ರೂಪಾಯಿ ಹಾಕುವುದಾಗಿ ಘೋಷಿಸಿತು. ಹೆಸರು ಕೆಕೆಆರ್. ಆರ್‌ಸಿಬಿ ಅಭಿಮಾನಿಗಳು ಗಾಬರಿಯಾಗಬೇಡಿ, ಇದು ಕೋಲ್ಕತ್ತದ ಟೀಮ್ ಅಲ್ಲ. ಕೋಲ್‌ಬರ್ಗ್, ಕ್ರಾವಿಸ್, ರಾಬರ್ಟ್ಸ್ ಅನ್ನೋ ಮೂವರ ಹೆಸರಿನ ಮೊದಲ ಅಕ್ಷರಗಳು.

ಇವತ್ತು ಈ ಸಂಸ್ಥೆ ನೋಡಿಕೊಳ್ಳೋ ಹಣ 60 ಸಾವಿರ ಕೋಟಿ ಡಾಲರ್‌ಗೂ ಹೆಚ್ಚು. ಶುರುವಾಗಿದ್ದು ಹೇಗೆ ಗೊತ್ತಾ?

1976. ಜೆರೋಮ್ ಕೋಲ್‌ಬರ್ಗ್‌ಗೆ ಐವತ್ತು ದಾಟಿತ್ತು. ಹೆನ್ರಿ ಕ್ರಾವಿಸ್ ಮತ್ತು ಜಾರ್ಜ್ ರಾಬರ್ಟ್ಸ್ ಸೋದರ ಸಂಬಂಧಿಗಳು, ಮೂವತ್ತರ ಆಸುಪಾಸಿನ ಯುವಕರು. ಮೂವರೂ ವಾಲ್ ಸ್ಟ್ರೀಟ್‌ನ ಬೇರ್ ಸ್ಟರ್ನ್ಸ್‌ನಲ್ಲಿ ಕೆಲಸ ಮಾಡ್ತಿದ್ದರು. ಕೋಲ್‌ಬರ್ಗ್ ಅಲ್ಲಿ ಒಂದು ವಿದ್ಯೆ ಪಳಗಿಸಿಕೊಂಡಿದ್ದರು. ವಯಸ್ಸಾದ ಮಾಲೀಕರು ಕಂಪನಿ ಬಿಟ್ಟುಕೊಡಲು ಬಯಸಿದಾಗ, ಬಹುಪಾಲು ಸಾಲದ ಹಣದಲ್ಲೇ ಅದನ್ನು ಕೊಳ್ಳೋದು. ಸಂಸ್ಥೆಗೆ ಈ ಕೆಲಸದಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಮೂವರೂ ಹೊರಬಂದು, ಸುಮಾರು 1,20,000 ಡಾಲರ್ ಬಂಡವಾಳದಲ್ಲಿ ಸ್ವಂತ ಅಂಗಡಿ ತೆರೆದರು.

ಈ ವಿದ್ಯೆಗೆ ಲಿವರೇಜ್ಡ್ ಬೈಔಟ್ ಅಂತಾರೆ. ಅದನ್ನ ಒಂದು ದರ್ಶಿನಿ ಹೋಟೆಲ್ ಲೆಕ್ಕದಲ್ಲಿ ನೋಡೋಣ. ಒಂದು ಕೋಟಿ ರೂಪಾಯಿಯ, ಚೆನ್ನಾಗಿ ನಡೀತಿರೋ ಹೋಟೆಲ್ ಇದೆ ಅಂತ ಇಟ್ಕೊಳ್ಳಿ. ನೀವು ನಿಮ್ಮ ಜೇಬಿಂದ ಹಾಕೋದು ಹತ್ತು ಲಕ್ಷ. ಉಳಿದ ತೊಂಬತ್ತು ಲಕ್ಷ ಸಾಲ. ಆದರೆ ಆ ಸಾಲ ನಿಮ್ಮ ಹೆಸರಲ್ಲಿ ಅಲ್ಲ, ಹೋಟೆಲ್ ಹೆಸರಲ್ಲಿ! ಕಂತು ಕಟ್ಟೋದು ದಿನದ ಇಡ್ಲಿ-ಕಾಫಿ ವ್ಯಾಪಾರ. ಐದು ವರ್ಷದಲ್ಲಿ ನಲವತ್ತು ಲಕ್ಷ ಸಾಲ ತೀರಿತು ಅಂದ್ಕೊಳ್ಳಿ. ಹೋಟೆಲನ್ನ ಅದೇ ಒಂದು ಕೋಟಿಗೆ ಮಾರಿ, ಬಾಕಿ ಐವತ್ತು ಲಕ್ಷ ತೀರಿಸಿದ್ರೂ ನಿಮ್ಮ ಕೈಗೆ ಐವತ್ತು ಲಕ್ಷ ಬಂತು. ಹತ್ತು ಹೋಗಿ ಐವತ್ತು.

ಸರಿ, ವ್ಯಾಪಾರ ಬಿದ್ದುಹೋದರೆ? ನೀವು ಕಳೆದುಕೊಳ್ಳೋದು ಹತ್ತು ಲಕ್ಷ ಮಾತ್ರ. ಹೋಟೆಲಿಗೆ ಬೀಗ ಬೀಳುತ್ತೆ, ದೋಸೆ ಹಾಕೋ ಭಟ್ಟರು, ಟೇಬಲ್ ಒರೆಸೋ ಹುಡುಗರು ಬೀದಿಗೆ ಬರ್ತಾರೆ. ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಅನ್ನೋ ಮಾತಿದೆಯಲ್ಲ, ಇಲ್ಲಿ ತುಪ್ಪ ಒಬ್ಬರದ್ದು, ಸಾಲ ಇನ್ನೊಬ್ಬರದ್ದು.

ಅಮೆರಿಕದ ತೆರಿಗೆ ಕಾನೂನು ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿತು. ಕಂಪನಿ ಕಟ್ಟೋ ಬಡ್ಡಿಯನ್ನು ಖರ್ಚು ಅಂತ ತೋರಿಸಿದರೆ ತೆರಿಗೆ ಕಡಿಮೆ. 1979ರಲ್ಲಿ ಕೆಕೆಆರ್, ಪಂಪು ಮತ್ತು ಯಂತ್ರೋಪಕರಣ ತಯಾರಿಸ್ತಿದ್ದ ಹೂಡೇಲ್ ಇಂಡಸ್ಟ್ರೀಸನ್ನು 35 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡಿತು. ಷೇರು ಮಾರುಕಟ್ಟೆಯಲ್ಲಿದ್ದ ಅಷ್ಟು ದೊಡ್ಡ ಕಂಪನಿಯನ್ನೂ ಸಾಲದಲ್ಲೇ ಕೊಳ್ಳಬಹುದಾ ಅಂತ ವಾಲ್ ಸ್ಟ್ರೀಟ್ ಕಣ್ಣರಳಿಸಿತು.

ಆದರೂ ಆ ಹತ್ತು ಲಕ್ಷ ಯಾರದ್ದು? ಅದೂ ಪೂರ್ತಿ ಇವರದ್ದಲ್ಲ. 1981ರಲ್ಲಿ ಫ್ರೆಡ್ ಮೇಯರ್ ಅನ್ನೋ ಅಂಗಡಿ ಸರಣಿಯ ಖರೀದಿಗೆ ಒರೆಗಾನ್ ರಾಜ್ಯದ ಸರ್ಕಾರಿ ನೌಕರರ ಪಿಂಚಣಿ ನಿಧಿ ದುಡ್ಡು ಹಾಕಿತು. ಆಮೇಲೆ ಬೇರೆ ರಾಜ್ಯಗಳ ನಿಧಿಗಳೂ ಬಂದವು. ಮೇಷ್ಟ್ರುಗಳು, ಗುಮಾಸ್ತರು ಮುಪ್ಪಿಗೆ ಅಂತ ಕೂಡಿಟ್ಟ ಹಣ ಅದು. ಇದನ್ನ ನೋಡಿಕೊಳ್ಳೋದಕ್ಕೆ ಈ ಉದ್ಯಮದಲ್ಲಿ ರೂಢಿಯಾದ ದರ ವರ್ಷಕ್ಕೆ ಸುಮಾರು 2% ಶುಲ್ಕ, ಲಾಭ ಬಂದ್ರೆ ಅದರಲ್ಲಿ 20%. ಉಳಿದ ಸಾಲವನ್ನು ಹೊಂದಿಸೋಕೆ ಡ್ರೆಕ್ಸೆಲ್ ಬರ್ನ್‌ಹ್ಯಾಮ್ ಲ್ಯಾಂಬರ್ಟ್ ಸಂಸ್ಥೆಯ ಮೈಕೆಲ್ ಮಿಲ್ಕನ್ ಇದ್ದರು. ಅವರು ಮಾರ್ತಿದ್ದದ್ದು ಜಂಕ್ ಬಾಂಡ್, ಅಂದ್ರೆ ರಿಸ್ಕ್ ಜಾಸ್ತಿ, ಬಡ್ಡಿಯೂ ಜಾಸ್ತಿ.

1986ರಲ್ಲಿ ಕೆಕೆಆರ್, ಸೇಫ್‌ವೇ ಸೂಪರ್‌ಮಾರ್ಕೆಟ್ ಸರಣಿಯನ್ನು ಕೊಂಡಿತು. ಸಾಲ ತೀರಿಸೋಕೆ ಅಂಗಡಿಗಳನ್ನು ಮಾರಿದರು, ಮುಚ್ಚಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಕೆಕೆಆರ್‌ಗೆ ಮಾತ್ರ ಇದು ದೊಡ್ಡ ಲಾಭದ ವ್ಯವಹಾರವಾಯಿತು. ಕೆಲಸ ಹೋದವರ ಮನೆಗಳಲ್ಲಿ ಏನಾಯಿತು ಅಂತ ಪತ್ರಕರ್ತೆ ಸೂಸನ್ ಫಲೂಡಿ 1990ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬರೆದರು. ಮರುವರ್ಷ ಆ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಇಲ್ಲೊಂದು ವಿಚಿತ್ರ ಗಮನಿಸಿ. ಒಂದು ಕಡೆ ನೌಕರರ ಪಿಂಚಣಿ ಬೆಳೀತಿದೆ, ಇನ್ನೊಂದು ಕಡೆ ಅದೇ ಹಣದಿಂದ ಬೇರೆ ನೌಕರರ ಸಂಬಳ ನಿಲ್ತಿದೆ.

1987ರಲ್ಲಿ ಹಿರಿಯ ಪಾಲುದಾರ ಕೋಲ್‌ಬರ್ಗ್ ಸಂಸ್ಥೆ ಬಿಟ್ಟರು. ಅವರಿಗೆ ಸಣ್ಣ, ಸ್ನೇಹದ ವ್ಯವಹಾರಗಳು ಇಷ್ಟ. ಕಿರಿಯರಿಗೆ ದೊಡ್ಡ ಬೇಟೆ ಬೇಕಿತ್ತು.

ಆ ಬೇಟೆ ಮರುವರ್ಷವೇ ಸಿಕ್ಕಿತು. ಸಿಗರೇಟು, ಬಿಸ್ಕೆಟ್ ಎರಡನ್ನೂ ಮಾಡ್ತಿದ್ದ ಆರ್‌ಜೆಆರ್ ನಬಿಸ್ಕೊ. ನಮಗೆ ಗೊತ್ತಿರೋ ಓರಿಯೋ ಅವರದ್ದೇ ಆಗಿತ್ತು. 1988ರ ಅಕ್ಟೋಬರ್‌ನಲ್ಲಿ ಅದರ ಮುಖ್ಯಸ್ಥ ರಾಸ್ ಜಾನ್ಸನ್, ಷೇರಿಗೆ 75 ಡಾಲರ್‌ನಂತೆ ತಾವೇ ಕೊಳ್ಳೋದಾಗಿ ಹೇಳಿದರು. ಕೆಕೆಆರ್ 90 ಅಂದಿತು. ಹರಾಜು ಏರ್ತಾ ಏರ್ತಾ ಹೋಗಿ ನವೆಂಬರ್ ಕೊನೆಗೆ 109 ಡಾಲರ್‌ಗೆ ಕೆಕೆಆರ್ ಗೆದ್ದಿತು. ಒಟ್ಟು ಸುಮಾರು 2,500 ಕೋಟಿ ಡಾಲರ್. ಅಲ್ಲಿಯವರೆಗಿನ ಅತಿದೊಡ್ಡ ಬೈಔಟ್. ಗೆದ್ದರು ನಿಜ, ಆದರೆ ಬೆಲೆ ವಿಪರೀತವಾಗಿತ್ತು. 1995ರಲ್ಲಿ ಕೈತೊಳೆದುಕೊಂಡು ಹೊರಬರೋ ಹೊತ್ತಿಗೆ ಹೂಡಿಕೆದಾರರಿಗೆ ಹೇಳಿಕೊಳ್ಳೋವಂಥ ಲಾಭ ಆಗಿರಲಿಲ್ಲ. ಅಷ್ಟರಲ್ಲಿ ಡ್ರೆಕ್ಸೆಲ್ ಸಂಸ್ಥೆ ದಿವಾಳಿಯಾಗಿತ್ತು, ಮಿಲ್ಕನ್ ತಪ್ಪೊಪ್ಪಿಕೊಂಡು ಜೈಲಿಗೂ ಹೋಗಿಬಂದಿದ್ದರು.

ಉದ್ಯಮ ಮಾತ್ರ ಸಾಯಲಿಲ್ಲ. ‘ಬೈಔಟ್’ ಅನ್ನೋ ಹೆಸರು ಕೆಟ್ಟಿತ್ತು, ‘ಪ್ರೈವೇಟ್ ಇಕ್ವಿಟಿ’ ಅನ್ನೋ ಹೆಸರು ಬಳಕೆಗೆ ಬಂತು. ಬ್ಲಾಕ್‌ಸ್ಟೋನ್, ಕಾರ್ಲೈಲ್, ಬೇನ್ ಹೀಗೆ ಹಲವು ಸಂಸ್ಥೆಗಳು ಬೆಳೆದವು. 2005ರಲ್ಲಿ ಕೆಕೆಆರ್, ಬೇನ್ ಮತ್ತು ವೊರ್ನಾಡೊ ಸೇರಿ ಟಾಯ್ಸ್ ಆರ್ ಅಸ್ ಆಟಿಕೆ ಅಂಗಡಿಗಳನ್ನು ಸುಮಾರು 660 ಕೋಟಿ ಡಾಲರ್‌ಗೆ ಕೊಂಡವು. ಅದರಲ್ಲಿ 500 ಕೋಟಿಗೂ ಹೆಚ್ಚು ಸಾಲ. ಅಮೆಜಾನ್, ವಾಲ್‌ಮಾರ್ಟ್ ಜೊತೆ ಪೈಪೋಟಿಗೆ ಅಂಗಡಿ ಸುಧಾರಿಸಬೇಕಾದ ಹೊತ್ತಲ್ಲಿ ದುಡ್ಡೆಲ್ಲ ಬಡ್ಡಿಗೆ ಹೋಯಿತು. 2017ರಲ್ಲಿ ದಿವಾಳಿ ಅರ್ಜಿ, 2018ರಲ್ಲಿ ಅಮೆರಿಕದ ಅಂಗಡಿಗಳಿಗೆಲ್ಲ ಬೀಗ. 30 ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ನೌಕರರು ಪ್ರತಿಭಟಿಸಿದ ಮೇಲೆ ಕೆಕೆಆರ್ ಮತ್ತು ಬೇನ್ 2 ಕೋಟಿ ಡಾಲರ್‌ನ ಪರಿಹಾರ ನಿಧಿ ಇಟ್ಟವು. ತಲೆಗೆ ಲೆಕ್ಕ ಹಾಕಿದ್ರೆ ಎಷ್ಟಾಗುತ್ತೆ, ನೀವೇ ನೋಡಿ.

ಹಾಗಂತ ಎಲ್ಲ ಕಥೆಯೂ ಹೀಗೇ ಅಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಗ್ಯಾರೇಜ್ ಬಾಗಿಲು ಮಾಡೋ ಸಿಎಚ್‌ಐ ಅನ್ನೋ ಕಂಪನಿಯನ್ನ 2015ರಲ್ಲಿ ಕೆಕೆಆರ್ ಕೊಂಡಿತು. ಅಲ್ಲಿ ಕಾರ್ಮಿಕರಿಗೂ ಮಾಲೀಕತ್ವದ ಪಾಲು ಕೊಟ್ಟರು. 2022ರಲ್ಲಿ ಕಂಪನಿ 300 ಕೋಟಿ ಡಾಲರ್‌ಗೆ ಮಾರಾಟವಾದಾಗ ಗಂಟೆ ಲೆಕ್ಕದ ಕಾರ್ಮಿಕರು, ಟ್ರಕ್ ಚಾಲಕರಿಗೆ ಸರಾಸರಿ 1,75,000 ಡಾಲರ್ ಸಿಕ್ಕಿತು. ಅದೇ ಸಂಸ್ಥೆ, ಅದೇ ವಿದ್ಯೆ. ಬದಲಾಗಿದ್ದು ತುಪ್ಪ ಬಡಿಸಿದ ರೀತಿ.

ಇನ್ನು ನಮ್ಮ ಕಡೆಗೆ ಬರೋಣ. ಕಂಪನಿಗಳನ್ನು ಕೊಳ್ಳೋಕೆ ಬ್ಯಾಂಕುಗಳು ಸಾಲ ಕೊಡೋದನ್ನ ರಿಸರ್ವ್ ಬ್ಯಾಂಕ್ ಬಹಳ ವರ್ಷ ಬಿಗಿಯಾಗಿ ತಡೆದಿತ್ತು. ಹಾಗಾಗಿ ಅಮೆರಿಕದ ಮಾದರಿ ಇಲ್ಲಿ ಹಾಗ್‌ಹಾಗೇ ಬರಲಿಲ್ಲ. ಆದರೆ ಹಣ ಬಂದಿದೆ. 2025ರಲ್ಲಿ ಬೆಂಗಳೂರು ಮೂಲದ ಕ್ಯಾನ್ಸರ್ ಆಸ್ಪತ್ರೆ ಸರಣಿ ಎಚ್‌ಸಿಜಿಯ ನಿಯಂತ್ರಣದ ಪಾಲನ್ನು ಕೊಳ್ಳೋದಾಗಿ ಕೆಕೆಆರ್ ಪ್ರಕಟಿಸಿತು. ಮಾರಿದ್ದು ಸಿವಿಸಿ, ಅದೂ ಒಂದು ಪ್ರೈವೇಟ್ ಇಕ್ವಿಟಿ ಸಂಸ್ಥೆ. ಒಬ್ಬರು ಕೊಂಡು ಕೆಲ ವರ್ಷ ಇಟ್ಟುಕೊಂಡು ಇನ್ನೊಬ್ಬರಿಗೆ ಮಾರೋದೇ ಈ ಉದ್ಯಮದ ಲಯ. ಆಸ್ಪತ್ರೆಯಾದ್ರೂ ಅಷ್ಟೇ, ಆಟಿಕೆ ಅಂಗಡಿಯಾದ್ರೂ ಅಷ್ಟೇ.

ಹಾಗಾಗಿ, ನೀವು ಕೆಲಸ ಮಾಡೋ ಕಂಪನಿಯನ್ನೋ, ನಿಮ್ಮ ಮನೆಯವರು ಚಿಕಿತ್ಸೆ ಪಡೆಯೋ ಆಸ್ಪತ್ರೆಯನ್ನೋ ಯಾರೋ ಕೊಂಡರು ಅನ್ನೋ ಸುದ್ದಿ ಬಂದರೆ, ಎಷ್ಟು ಸಾವಿರ ಕೋಟಿ ಅಂತ ನೋಡಿ ಸುಮ್ಮನಾಗಬೇಡಿ. ಮೂರು ಪ್ರಶ್ನೆ ಕೇಳಿ. ಸಾಲ ಇದ್ದರೆ ಅದು ಯಾರ ಹೆಸರಲ್ಲಿದೆ? ಕೊಂಡವರು ಎಷ್ಟು ವರ್ಷ ಇರ್ತಾರೆ? ಲಾಭ ಬಂದ ದಿನ ದುಡಿದವರಿಗೆ ಪಾಲಿದೆಯಾ?