ಇಳಿಜಾರಿನ ನೀರು, ಏರಿ ಬಂದ ನೀರು: ಬಿನ್ನಿಪೇಟೆಯ ಕಣಿವೆಯಿಂದ ಒಂದು ಚರಿತ್ರೆ

ಬೆಂಗಳೂರಿನ ನೀರಿನ ಚರಿತ್ರೆ ಬರೆದವರು ನೀರು ಊರಿಗೆ ಬಂದ ಬಗೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಬಳಸಿದ ನೀರು ಎಲ್ಲಿಗೆ ಹೋಯಿತು ಎಂಬುದಕ್ಕೆ ಅಷ್ಟು ಗಮನ ಸಂದಿಲ್ಲ. ಒಂದು ಕಡೆ ನಲ್ಲಿ, ಇನ್ನೊಂದು ಕಡೆ ರಾಜಕಾಲುವೆ ಇರುವ ಬಿನ್ನಿಪೇಟೆಯಲ್ಲಿ ನಿಂತರೆ ಈ ಎರಡನ್ನೂ ಒಟ್ಟಿಗೆ ಓದಲೇಬೇಕಾಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಈ ನಗರ ಕೂತಿದೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಪಾಲು. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಬಿನ್ನಿಪೇಟೆ ಇರುವುದು ಪಶ್ಚಿಮದ ಇಳಿಜಾರಿನಲ್ಲಿ, ವೃಷಭಾವತಿಯ ಕಣಿವೆಯಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡ್ಡ, ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇಗುಲದ ಆಸುಪಾಸು ಈ ನದಿಯ ತೊರೆಗಳ ಹುಟ್ಟುನೆಲೆಗಳು. ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳು ಇದೇ ಕಣಿವೆಯವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ನಡುವೆ ಒಂದಷ್ಟು ನೆಲಕ್ಕೆ ಇಂಗಿ ಬಾವಿಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು, ಒಂದಷ್ಟು ಆವಿಯಾಗುತ್ತಿತ್ತು. ನದಿಯನ್ನು ತುಂಬಿಸಲು ಮಳೆಯೊಂದೇ ಸಾಕು ಎಂದು ಫ್ರಾನ್ಸಿನ ಪಿಯರ್ ಪೆರೊ ಸೆನ್ ನದಿಯ ತಲೆನೆಲದಲ್ಲಿ ಅಳೆದು ಲೆಕ್ಕ ಹಾಕಿ ಪ್ರಕಟಿಸಿದ್ದು 1674ರಲ್ಲಿ. ಆ ವೇಳೆಗಾಗಲೇ ಇಲ್ಲಿ ಕೆರೆ ಕಟ್ಟುವವರು ಎಷ್ಟು ಬಯಲಿನ ಮಳೆಗೆ ಎಷ್ಟು ಏರಿ ಬೇಕು ಎಂಬ ಅಂದಾಜಿನ ಮೇಲೆಯೇ ದುಡಿಯುತ್ತಿದ್ದರು. ಅವರ ಈ ಅರಿವನ್ನು ಜಲವಿಜ್ಞಾನದ ಚರಿತ್ರೆಯೊಳಗೇ ಇಟ್ಟು ನೋಡಬೇಕೆಂಬುದು ನನ್ನ ವಾದ.

ಈ ಕಣಿವೆಗೆ 1884ರಲ್ಲಿ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ಬಂತು. ಎರಡು ವರ್ಷದ ಬಳಿಕ ಅದು ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿತು, ಪೇಟೆಗೂ ಅದೇ ಹೆಸರಾಯಿತು. ಉಣ್ಣೆ ತೊಳೆಯಲು, ಬಣ್ಣ ಹಾಕಲು, ಬಾಯ್ಲರಿಗೆ ಹೀಗೆ ಗಿರಣಿಯ ಪ್ರತಿ ಹಂತಕ್ಕೂ ನೀರು ಬೇಕು. ಪ್ರತಿ ಹಂತದಿಂದಲೂ ಕೊಳೆನೀರು ಹೊರಬೀಳುತ್ತದೆ.

ಅತ್ತ 1876–78ರ ಭೀಕರ ಬರ ಕೆರೆಗಳ ಮೇಲಿನ ನಂಬಿಕೆಯನ್ನು ಅಲುಗಿಸಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಹಿಡಿದು, 1896ರ ಹೊತ್ತಿಗೆ ನಗರಕ್ಕೆ ತರಲಾಯಿತು. ಹೆಸರಘಟ್ಟದಿಂದ ಸೋಲದೇವನಹಳ್ಳಿಯವರೆಗೆ ಇಟ್ಟಿಗೆಯ ಕಾಲುವೆಯಲ್ಲಿ ನೀರು ತಾನಾಗಿ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಉಗಿಯಂತ್ರ ಅದನ್ನು ಮೇಲಕ್ಕೆ ನೂಕುತ್ತಿತ್ತು. ನನಗೆ ನಿಜವಾದ ತಿರುವು ಕಾಣುವುದು ಈ ಸೋಲದೇವನಹಳ್ಳಿಯಲ್ಲಿ. ಇಳಿಜಾರನ್ನು ನಂಬಿ ಬದುಕಿದ ಊರು ಅಲ್ಲಿಂದಾಚೆ ಇಂಧನವನ್ನು ನಂಬಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು, 1974ರಲ್ಲಿ ಕಾವೇರಿಯ ಮೊದಲ ಹಂತ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಮಾಡುತ್ತ, ಒಟ್ಟು 500 ಮೀಟರಿನಷ್ಟು ಎತ್ತರಕ್ಕೆ ನೀರು ಏರಿ ಬರುತ್ತದೆ. ಅಷ್ಟರಲ್ಲಿ ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಗಿತ್ತು.

ಹೀಗೆ ಏರಿ ಬಂದ ಕಾವೇರಿ ಬಿನ್ನಿಪೇಟೆಯ ಮನೆಗಳಲ್ಲಿ, ಗಿರಣಿಯ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಬಳಕೆಯಾಗುತ್ತದೆ. ಬಳಕೆಯಾದದ್ದು ವೃಷಭಾವತಿಯ ಹಾದಿ ಹಿಡಿದು ಮೈಸೂರು ರಸ್ತೆಯ ಬದಿಯಲ್ಲೇ ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಇಳಿಯುತ್ತದೆ. ಶುದ್ಧೀಕರಣ ಘಟಕಗಳಿದ್ದೂ ಆ ಕೆರೆಯಲ್ಲಿ ನೊರೆ ಏಳುತ್ತದೆ. ಅದೇ ನೀರಿನಲ್ಲಿ ಅಲ್ಲಿನ ರೈತರು ಬೆಳೆ ತೆಗೆಯುತ್ತಾರೆ. ಪೇಟೆಯ ಅನುಕೂಲಕ್ಕೆ ಆ ಹಳ್ಳಿಗಳು ತೆರುವ ಬೆಲೆ ನೀರು ಸರಬರಾಜಿನ ಇತಿಹಾಸಗಳಲ್ಲಿ ಎಲ್ಲೂ ನಮೂದಾಗದಿರುವುದು ಅನ್ಯಾಯ.

ಮುಂದೆ ಅರ್ಕಾವತಿಯೊಡನೆ ಕನಕಪುರದಾಚೆಯ ಸಂಗಮದಲ್ಲಿ ಅದು ಮತ್ತೆ ಕಾವೇರಿಯೇ ಆಗುತ್ತದೆ, ಆದರೆ ನಗರಕ್ಕೆ ನೀರೆತ್ತುವ ಜಾಗದಿಂದ ಕೆಳಗೆ. ದಿಣ್ಣೆಯ ಪೂರ್ವಕ್ಕೆ ಬಳಕೆಯಾದ ಕಾವೇರಿಗೆ ಆ ಮರಳುಹಾದಿಯೂ ಇಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಆ ನೀರನ್ನು 2018ರಿಂದ ಪಂಪು ಮಾಡಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ.