ಮಲಪ್ರಭಾ ಸೀಮೆಯ ಪಟ್ಟಣಗಳು: ಬಡವರ ವಸತಿ ಮತ್ತು ನೈರ್ಮಲ್ಯದ ಇತಿಹಾಸ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳು ದೊಡ್ಡ ಕಾರ್ಖಾನೆಗಳ ಊರುಗಳಲ್ಲ. ಹತ್ತಿ ಪೇಟೆಗೆ, ಮಗ್ಗಕ್ಕೆ, ಕೂಲಿಗೆ ಬಂದವರು ಹಳ್ಳದ ದಂಡೆಯಲ್ಲೋ ಗಾಯರಾಣದಲ್ಲೋ ತಗಡಿನ ಮನೆ ಹಾಕಿಕೊಂಡರು. ಓಣಿ ಬೆಳೆಯಿತು, ಗಟಾರ ಬೆಳೆಯಲಿಲ್ಲ.

1948ರವರೆಗೆ ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಉಳಿದ ಮೂರೂ ಮುಂಬಯಿ ಪ್ರಾಂತದಲ್ಲಿದ್ದವು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಈ ಸೀಮೆಗೂ ಹಬ್ಬಿದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹೂಡಿದರು. ಸರ್ಕಾರದ ಕಣ್ಣಿಗೆ ನೈರ್ಮಲ್ಯವೆಂದರೆ ಆಗ ಸಾಂಕ್ರಾಮಿಕ ರೋಗದ ತಡೆ ಮಾತ್ರ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಗೆ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಲಕ್ಷಗಟ್ಟಲೆ ಜನ ಬೀಡುಬಿಡುವಾಗ ಇಂದಿಗೂ ನೀರು, ಸಂಡಾಸುಗಳದೇ ಚಿಂತೆ.

ಉಳ್ಳವರ ಮನೆಯ ಕಕ್ಕಸನ್ನು ಜಾತಿಯ ಹೆಸರಿನಲ್ಲಿ ಕೆಲವರಿಂದಲೇ ಬಳಿಸಲಾಗುತ್ತಿತ್ತು. ಬಡವರಿಗೆ ಬಯಲೇ ಗತಿ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಕೇಂದ್ರದ ಕಾಯಿದೆ ಬರಲು 1993 ಆಗಬೇಕಾಯಿತು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಅದೇ ಕೆಲಸದಲ್ಲಿದ್ದ ಭಂಗಿ ಸಮುದಾಯದ ಕುಟುಂಬದವರು ಪುರಸಭೆಯ ಮುಂದೆ ಮೈಗೆ ಮಲ ಬಳಿದುಕೊಂಡು ಪ್ರತಿಭಟಿಸಿದರು.

1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯಿದೆ ಮತ್ತು 1975ರ ಕೊಳಚೆ ನಿರ್ಮೂಲನ ಮಂಡಳಿ ಬಂದ ಮೇಲೆ 'ಘೋಷಿತ ಕೊಳಚೆ ಪ್ರದೇಶ' ಎಂಬ ಮಾತಿಗೆ ಬೆಲೆ ಬಂತು. ಘೋಷಣೆಯಾದ ಓಣಿಗೆ ರಸ್ತೆ, ನಲ್ಲಿ, ಮುಂದೆ ಹಕ್ಕುಪತ್ರದ ಆಸೆ. ಆಗದ ಓಣಿಗೆ ಅರ್ಜಿ ಬರೆಯುವ ಕೆಲಸ. 2014ರ ಸ್ವಚ್ಛ ಭಾರತದ ಶೌಚಾಲಯಗಳದು ಇನ್ನೊಂದು ಪಾಡು. ಇಲ್ಲಿನ ಎರೆಮಣ್ಣು ನೀರು ಬೇಗ ಹೀರುವುದಿಲ್ಲ. ಮಳೆಗಾಲದಲ್ಲಿ ಗುಂಡಿ ಉಕ್ಕಿ ಗಟಾರ ಸೇರುತ್ತದೆ. ಗುಂಡಿ ತುಂಬೀತೆಂಬ ಅಂಜಿಕೆಯಿಂದ ಸಂಡಾಸಿನಲ್ಲಿ ಕಟ್ಟಿಗೆ, ಕುಳ್ಳು ಒಟ್ಟಿ, ಹೆಂಗಸರು ನಸುಕಿಗೇ ತಂಬಿಗೆ ಹಿಡಿದು ಹೊರಡುವ ಮನೆಗಳೂ ಉಂಟು. ಗುತ್ತಿಗೆದಾರರ ನಕಾಶೆಗೆ ಮಣ್ಣಿನ ಬಣ್ಣ ಗೊತ್ತಿರುವುದಿಲ್ಲ.

ನೀರು ದೂರವೇನಿಲ್ಲ. ಸವದತ್ತಿಯ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಹುಬ್ಬಳ್ಳಿ-ಧಾರವಾಡಕ್ಕೂ ಕುಡಿಯುವ ನೀರು ಹೋಗುತ್ತದೆ. ಅದೇ ನದಿ 2019ರ ಆಗಸ್ಟ್‌ನಲ್ಲಿ ಉಕ್ಕಿ, ಅಣೆಕಟ್ಟಿನ ಕೆಳಗಿನ ರಾಮದುರ್ಗದ ತಗ್ಗಿನ ಓಣಿಗಳಿಗೆ ನುಗ್ಗಿತು. ಅಲ್ಲಿ ಮಗ್ಗ ಮುಳುಗಿದ ನೇಕಾರರಿಗೆ ಮನೆಯೂ ಹೋಯಿತು, ದುಡಿಮೆಯೂ ಹೋಯಿತು.